ಮಗುವಿನ ಗಾಡಿಗೆ ತೆರೆಯುವ ಗೇಟು

ಓಣಿಯಲ್ಲಿ ಅವಳಿಗೆ ಗಾಡಿಯಕ್ಕ ಎಂದು ಹೆಸರು. ಗಾಡಿ ಇಟ್ಟುಕೊಂಡ ಅನುಕೂಲಸ್ಥೆ ಎಂದು ಯಾರೂ ತಪ್ಪು ತಿಳಿಯಬೇಡಿ. ಗೋಡೆಯಾಚೆಯ ಕಾಲೋನಿಯಲ್ಲಿ ಕಂಡವರ ಮಕ್ಕಳನ್ನು ನಾಲ್ಕು ಚಕ್ರದ ಪುಟ್ಟ ಗಾಡಿಯಲ್ಲಿ ಮಲಗಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ತಳ್ಳುವುದು ಅವಳ ಕಸುಬು. ತಳ್ಳಿ ತಳ್ಳಿಯೇ ಕೂದಲು ನರೆತಿತ್ತು. ಅವಳು ತಳ್ಳಿದ ಮೊದಲ ಮಗು ಈಗ ಗಡ್ಡ ಬಂದ ಗಂಡಸು, ಸ್ವಂತ ಕಾರು ಓಡಿಸುತ್ತಾನೆ. ದಾರಿಯಲ್ಲಿ ಇವಳು ಸಿಕ್ಕರೆ ಹಾರ್ನ್ ಹೊಡೆಯುತ್ತಾನೆ. ಮಾತಾಡಿಸಲಿಕ್ಕಲ್ಲ, ಪಕ್ಕಕ್ಕೆ ಸರಿಯಲಿ ಎಂದು.

"ಎತ್ತಿ ಆಡಿಸಿದ ಋಣ ಅಂದ್ರೆ ಇದೇ ನೋಡ್ರೇ, ಕಿವಿ ಕಿತ್ತುಹೋಗೋ ಹಾಗೆ ತೀರಿಸ್ತಾನೆ," ಎಂದು ನಲ್ಲಿಯ ಹತ್ತಿರ ಹೇಳಿ ನಗುತ್ತಿದ್ದಳು. ನಗದೆ ಇನ್ನೇನು ಮಾಡುತ್ತಾಳೆ?

ಆ ಗೋಡೆ ಮೊದಲು ಇರಲಿಲ್ಲ. ಓಣಿಯ ಬಾಯಿಂದ ಹೊರಟ ರಸ್ತೆ ನೆಟ್ಟಗೆ ದೊಡ್ಡ ರಸ್ತೆಗೆ ಹೋಗಿ ಸೇರುತ್ತಿತ್ತು. ಅಲ್ಲೇ ಬಸ್ಸು, ಅಲ್ಲೇ ಅಂಗಡಿ, ಅಲ್ಲೇ ದೊಡ್ಡಾಸ್ಪತ್ರೆ. ಗಾಡಿಯಕ್ಕನ ಮಗಳು ಲಂಗ ಹಾಕುವ ವಯಸ್ಸಿನಲ್ಲಿದ್ದಾಗ ಯಾರೋ ಬಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದರು. ಆಟದ ಗೆರೆ ಎಂದು ಮಕ್ಕಳು ಅದರ ಮೇಲೆ ಕುಂಟುತ್ತ ಹಾರಿದರು. ಆಮೇಲೆ ಗೆರೆಯ ಮೇಲೆ ಗೋಡೆ ಎದ್ದಿತು, ಗೋಡೆಯ ಮೇಲೆ ಗಾಜಿನ ಚೂರು, ಗಾಜಿನ ಮೇಲೆ ತಂತಿ. ಮನೆ ಕದಿಯುತ್ತಾರೆ, ಒಡವೆ ಕದಿಯುತ್ತಾರೆ, ರಸ್ತೆಯನ್ನು ಯಾರು ಕದಿಯುತ್ತಾರೆ ಎಂದು ಓಣಿಯವರು ನಿಶ್ಚಿಂತೆಯಿಂದ ಇದ್ದರು. ಪೆದ್ದರು! ನೋಡನೋಡುತ್ತಿದ್ದಂತೆ ರಸ್ತೆ ಗೋಡೆಯ ಒಳಗೆ ಸೇರಿಹೋಯಿತು. ಇನ್ನು ಆಸ್ಪತ್ರೆಗೆ ಹೋಗಬೇಕೆಂದರೆ ಗೋಡೆಗುಂಟ ನಡೆದು, ಮೋರಿ ದಾಟಿ, ಗೋದಾಮುಗಳನ್ನು ಬಳಸಿ, ರೈಲು ಗೇಟಿನಲ್ಲಿ ಕಾದು ಹೋಗಬೇಕು. ಹುಷಾರಾಗಿರುವವನೂ ಹೋಗಿ ಮುಟ್ಟುವಷ್ಟರಲ್ಲಿ ರೋಗಿಯಾಗುತ್ತಾನೆ.

ಕಾಲೋನಿಗೆ ಎರಡು ಗೇಟು. ದೊಡ್ಡ ರಸ್ತೆಗೆ ಮುಖ ಮಾಡಿದ್ದು ಮುಂದಿನ ಗೇಟು, ಓಣಿಗೆ ಮುಖ ಮಾಡಿದ್ದು ಹಿಂದಿನದು. ಕೆಲಸದವರು ಕೊರಳಿಗೆ ಕಾರ್ಡು ತೂಗಿಹಾಕಿಕೊಂಡು ಹಿಂದಿನ ಗೇಟಿನಿಂದ ಬರಬೇಕು, ಅದೇ ಗೇಟಿನಿಂದ ಹೋಗಬೇಕು. ಬೆಂಚಿನ ಮೇಲೆ ಕೂರಬಾರದು. ಮುಂದಿನ ಗೇಟಿನ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ಓಣಿಯವರು ತಮಾಷೆ ಮಾಡುತ್ತಿದ್ದರು. ಆದರೆ ಕೈಯಲ್ಲಿ ಮಗುವಿನ ಗಾಡಿ ಇತ್ತೆನ್ನಿ, ಆಗ ಎಲ್ಲ ಬಾಗಿಲೂ ತೆರೆದವೇ. ಮಕ್ಕಳ ಪಾರ್ಕು ಮುಂದಿನ ಗೇಟಿನ ಆಚೆ ಇದ್ದುದರಿಂದ ಆಯಾಗಳನ್ನು ತಡೆಯುವ ಹಾಗಿರಲಿಲ್ಲ. ಗಾಡಿ ಕಂಡರೆ ಕಾವಲಿನವನು ಎದ್ದು ನಿಂತು ಸಲಾಂ ಹೊಡೆಯುತ್ತಿದ್ದ. ನಾಯಿ ಹಿಡಿದುಕೊಂಡು ಹೋಗುವವನಿಗೂ ಅದೇ ಮರ್ಯಾದೆ.

ಒಮ್ಮೆ ಗಾಡಿಯಕ್ಕ ಮಗುವನ್ನು ಪಾರ್ಕಿನಲ್ಲಿ ಅದರ ತಾಯಿಗೆ ಒಪ್ಪಿಸಿ ಖಾಲಿ ಗಾಡಿ ತಳ್ಳಿಕೊಂಡು ಬಂದಳು. ಆಗಲೂ ಸಲಾಂ! ಒಳಗೆ ಕೂಸಿದೆಯೋ ಕುಂಬಳಕಾಯಿಯಿದೆಯೋ, ಯಾವ ಗಂಡಸೂ ಬಗ್ಗಿ ನೋಡುವುದಿಲ್ಲ ಎಂದು ಅವತ್ತು ಅವಳಿಗೆ ತಿಳಿಯಿತು. ಸಂಜೆ ಓಣಿಯಲ್ಲಿ ಅದನ್ನು ಅಭಿನಯಿಸಿ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಗೇಟಿನ ಕಾವಲಿನವನೂ ನಕ್ಕ. ಅವನೂ ಅದೇ ಓಣಿಯವನು, ಮೀಸೆ ಎಂದು ಕರೆಯುತ್ತಿದ್ದರು. ಮುಖದಲ್ಲಿ ಮೀಸೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ಆ ಮೀಸೆಯೇ ಓಣಿಯ ಬಣ್ಣ ಬಳಿಯುವವನ ಹೆಂಡತಿಯನ್ನು ತಡೆದು ನಿಲ್ಲಿಸಿದ್ದ. ಹೆರಿಗೆ ನೋವಿನಲ್ಲಿ ಅವಳನ್ನು ಮಂಚದ ಸಮೇತ ಎತ್ತಿಕೊಂಡು ಬಂದಿದ್ದರು. "ಆಫೀಸಿನಿಂದ ಅಪ್ಪಣೆ ಬರ್ಬೇಕಣ್ಣ, ನನ್ನ ಕೈಲೇನಿದೆ?" ಎಂದು ಮೀಸೆ ಫೋನು ಹಿಡಿದು ಒದ್ದಾಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಅಳುತ್ತಿದ್ದ, ದೇವರು ಊಟಕ್ಕೆ ಹೋಗಿದ್ದರು. ಹೆಂಗಸು ಗೋಡೆಯ ನೆರಳಿನಲ್ಲೇ ಹೆತ್ತಳು. ಮಗು ಉಳಿಯಲಿಲ್ಲ. ಕಾಲೋನಿಯವರು ಕೆಟ್ಟವರಲ್ಲ, ಬಹಳ ನೊಂದುಕೊಂಡರು. ಸಭೆ ಸೇರಿ, ಇನ್ನು ಮೇಲೆ ಇಂಥ ಸಂದರ್ಭದಲ್ಲಿ ಮುಂಚಿತವಾಗಿ ಅಪ್ಪಣೆ ಕೇಳಬಹುದು ಎಂದು ಬೋರ್ಡು ಬರೆಸಿ ಹಾಕಿದರು. ನೋವು ಮುಂಚಿತವಾಗಿ ಹೇಳಿ ಬರುತ್ತದಲ್ಲ! ಗಾಡಿಯಕ್ಕ ಆ ಬೋರ್ಡಿನ ಕೆಳಗೆ ದಿನವೂ ಓಡಾಡುತ್ತಿದ್ದಳು.

ಅವಳ ಮಗಳಿಗೆ ಮದುವೆಯಾಗಿ ಒಂದು ಗಂಡು ಮಗುವಾಗಿತ್ತು. ಅಳಿಯ ಲಾರಿಯ ಮೇಲೆ ಊರೂರು ತಿರುಗುವವನು. ಮಗಳು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಮೊಮ್ಮಗನನ್ನು ಎಲ್ಲರೂ ಗುಂಡ ಎನ್ನುತ್ತಿದ್ದರು. ಗಾಡಿಯಕ್ಕ ಕೆಲಸ ಮಾಡುವ ಮನೆಯ ಅಮ್ಮಾವ್ರು ಹೊಸ ಗಾಡಿ ಕೊಂಡಾಗ ಹಳೆಯದನ್ನು ಇವಳಿಗೆ ಕೊಟ್ಟಿದ್ದರು, ಜೊತೆಗೆ ತಮ್ಮ ಮಗುವಿಗೆ ಗಿಡ್ಡವಾದ ಬಟ್ಟೆಗಳನ್ನೂ, ಒಂದು ಕಸೂತಿಯ ಹೊದಿಕೆಯನ್ನೂ. ಒಂದು ಚಕ್ರ ಕಿರುಗುಟ್ಟುವ ಆ ಗಾಡಿಯೇ ಗುಂಡನ ತೊಟ್ಟಿಲು.

ಆ ಸಲ ಅಮ್ಮಾವ್ರು ಮಕ್ಕಳನ್ನು ಕರೆದುಕೊಂಡು ರಜೆಗೆ ಊರಿಗೆ ಹೊರಟರು. ಗಾಡಿಯಕ್ಕನಿಗೂ ರಜೆ ಸಿಕ್ಕಿತು. ಅದೇ ವಾರ ಗುಂಡನಿಗೆ ಜ್ವರ ಬಂತು. ಔಷಧಿ ಅಂಗಡಿಯವನು ಕೊಟ್ಟ ಸಿಹಿ ಔಷಧಿಗೆ ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಮಧ್ಯಾಹ್ನ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ ಮಗಳು ಕಿಟಾರನೆ ಕಿರುಚಿದಳು.

"ಅಮ್ಮಾ, ಕಣ್ಣು ಮೇಲಕ್ಕೆ ಹೋಯ್ತು! ಅಮ್ಮಾ, ನೋಡು ಬಾ!"

ಗುಂಡನ ಮೈ ಕಟ್ಟಿಗೆಯ ಹಾಗೆ ಸೆಟೆದಿತ್ತು. ತುಟಿ ನೀಲಿ. ಕೈಕಾಲು ಝಾಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಸೆಟೆತ ಬಿಟ್ಟಿತು, ಆದರೆ ಮಗು ಎಚ್ಚರವಾಗಲಿಲ್ಲ.

ಮಗಳು ಮಗುವನ್ನು ಬಾಚಿಕೊಂಡು ಗೋಡೆಗುಂಟದ ದಾರಿಗೆ ಓಡಲು ಹೊರಟಳು. ಗಾಡಿಯಕ್ಕ ಅವಳ ರಟ್ಟೆ ಹಿಡಿದಳು. ಬಣ್ಣದವನ ಹೆಂಡತಿಯ ಮಂಚ ಅವಳ ಕಣ್ಣಿಗೆ ಕಟ್ಟಿತ್ತು. ಸುತ್ತು ದಾರಿಯಲ್ಲಿ ಹೋದರೆ ಮಗು ಉಳಿಯುವುದಿಲ್ಲ, ಅಪ್ಪಣೆ ಕೇಳುತ್ತ ನಿಂತರೂ ಉಳಿಯುವುದಿಲ್ಲ.

"ಇಲ್ಲಿ ಕೊಡು ಅವನನ್ನ. ನಾನು ಒಳಗಿಂದ ಹೋಗ್ತೀನಿ. ನೀನು ಸುತ್ಕೊಂಡು ಬಾ. ಆಸ್ಪತ್ರೆ ಬಾಗ್ಲಲ್ಲಿ ಸಿಗೋಣ."

ಆಯಾ ಕೆಲಸದ ಬಿಳಿ ಕೋಟು ಹಾಕಿಕೊಂಡಳು. ಗುಂಡನ ಒದ್ದೆ ಅಂಗಿ ತೆಗೆದು, ಪೆಟ್ಟಿಗೆಯಿಂದ ಅಮ್ಮಾವ್ರ ಮಗುವಿನ ಗುಂಡಿಯಿರುವ ಅಂಗಿ ತೆಗೆದು ತೊಡಿಸತೊಡಗಿದಳು.

"ಮಗು ಸಾಯ್ತಾ ಇದೆ, ನಿನಗೆ ಬಟ್ಟೆ ಚಿಂತೆ!" ಎಂದು ಮಗಳು ಎದೆ ಬಡಿದುಕೊಂಡಳು.

"ಬಟ್ಟೆ ಇದ್ರೇನೇ ಬದುಕೋದು. ಬಾಯ್ಮುಚ್ಕೊಂಡು ಓಡು ನೀನು."

ಹಿಂದಿನ ಗೇಟಿನಲ್ಲಿ ಮೀಸೆ ಇದ್ದ. ಬಿಳಿ ಕೋಟು, ಗಾಡಿ ಕಂಡ ಕೂಡಲೇ ಅಭ್ಯಾಸಬಲದಿಂದ ಕೈ ಹಣೆಗೆ ಹೋಯಿತು. ಆಮೇಲೆ ಕಿರುಗುಟ್ಟುವ ಚಕ್ರದ ಸದ್ದು ಕೇಳಿ ಬಗ್ಗಿ ನೋಡಿದ. ಆ ಚಕ್ರಕ್ಕೆ ಎಣ್ಣೆ ಬಿಟ್ಟುಕೊಟ್ಟವನೇ ಅವನು.

"ಅಕ್ಕಾ, ಇದು ನಮ್ಮ ಗುಂಡ."

"ಹೌದು."

"ನನ್ನ ಕೆಲಸ ಹೋಗತ್ತಕ್ಕ. ಮೇಲೆ ಕ್ಯಾಮೆರಾ ಇದೆ."

"ಕ್ಯಾಮೆರಾಗೆ ಏನು ಕಾಣತ್ತೆ? ಗಾಡಿ, ಆಯಾ. ನಿನಗೂ ಅಷ್ಟೇ ಕಾಣ್ಲಿ."

ಮೀಸೆ ಒಮ್ಮೆ ಕ್ಯಾಮೆರಾದ ಕಡೆ ನೋಡಿದ. ಬಣ್ಣದವನ ಮನೆ ಅವನ ಮನೆಗೆ ಅಂಟಿಕೊಂಡೇ ಇತ್ತು. ಆ ಹೆಂಗಸಿನ ಮುಖವನ್ನು ಅವನು ದಿನಾ ನೋಡಬೇಕಿತ್ತು. ಅಡ್ಡಕಂಬಿ ಎತ್ತಿದ. ಗಾಡಿ ದಾಟುವಾಗ ಮತ್ತೊಮ್ಮೆ ನೆಟ್ಟಗೆ ನಿಂತು ಸಲಾಂ ಹೊಡೆದ.

ಈಗ ರಸ್ತೆ ನೆಟ್ಟಗೆ ಎದುರಿಗಿತ್ತು, ಹಿಂದೆ ಅವಳದ್ದೇ ಆಗಿದ್ದ ರಸ್ತೆ. ಎರಡೂ ಕಡೆ ಮರ, ಮರದ ಹಿಂದೆ ಮುಚ್ಚಿದ ಕಿಟಕಿಗಳ ಮನೆಗಳು. ಓಡಬೇಕು ಎಂದು ಕಾಲು ಹೇಳುತ್ತಿತ್ತು, ಓಡುವ ಹಾಗಿಲ್ಲ. ಅಲ್ಲಿ ನಡೆದರೆ ಆಯಾ, ಓಡಿದರೆ ಕಳ್ಳಿ. ಇಷ್ಟು ವರ್ಷ ಕಂಡವರ ಮಕ್ಕಳನ್ನು ತಳ್ಳಿದ ಅದೇ ನಿಧಾನ ನಡಿಗೆಯಲ್ಲಿ, ನಡುನಡುವೆ ಬಗ್ಗಿ ಹೊದಿಕೆ ಸರಿಮಾಡುತ್ತ, ಸಾಯುತ್ತಿರುವ ಮೊಮ್ಮಗನನ್ನು ತಳ್ಳಿಕೊಂಡು ಹೋದಳು. ಮುಖದ ಮೇಲೆ ನಗು ಅಂಟಿಸಿಕೊಂಡಿದ್ದಳು. ತೋಟಕ್ಕೆ ನೀರು ಹಾಯಿಸುವವನು ತಲೆಯೆತ್ತಿ ನೋಡಿದ, ಮತ್ತೆ ನೀರು ಹಾಯಿಸಿದ.

ಅರ್ಧ ದಾರಿಯಲ್ಲಿ ಗುಂಡ ಮತ್ತೆ ಸೆಟೆದುಕೊಂಡ. ಬಾಯಲ್ಲಿ ನೊರೆ ಬಂತು. ಗಾಡಿಯಕ್ಕ ಎಲ್ಲ ಮರೆತು ರಸ್ತೆಯಲ್ಲೇ ಮೊಣಕಾಲೂರಿ ಮಗುವನ್ನು ಮಗ್ಗುಲಿಗೆ ತಿರುಗಿಸಿದಳು. ಅದೇ ಹೊತ್ತಿಗೆ ಒಂದು ಕಾರು ಪಕ್ಕಕ್ಕೆ ಬಂದು ನಿಂತಿತು.

ಕಾರಿನಲ್ಲಿದ್ದವರು ಕಾಲೋನಿ ಸಂಘದ ಅಧ್ಯಕ್ಷೆ. ಕೆಲಸದವರು ಬೆಂಚಿನ ಮೇಲೆ ಕೂರಬಾರದೆಂದದ್ದು ಇವರೇ; ಆ ಬೋರ್ಡು ಬರೆಸಿದ್ದೂ ಇವರೇ. ಮುಗಿಯಿತು ಕಥೆ ಎಂದುಕೊಂಡಳು ಗಾಡಿಯಕ್ಕ.

"ಅಯ್ಯೋ ದೇವರೇ, ಏನಾಯ್ತು ಮಗುವಿಗೆ? ಯಾರ ಮನೇದು?"

ಬಾಯಿ ತಾನಾಗಿಯೇ ಹೇಳಿತು: "ನಮ್ಮನೆ ಅಮ್ಮಾವ್ರ ತಂಗಿ ಮಗು. ನನ್ನ ಹತ್ರ ಬಿಟ್ಟು ಹೋಗಿದ್ದಾರಮ್ಮಾ."

ಅಧ್ಯಕ್ಷೆ ಅಂಗಿಯ ಗುಂಡಿ ನೋಡಿದರು, ಹೊದಿಕೆಯ ಕಸೂತಿ ನೋಡಿದರು. ಗುಂಡನನ್ನೂ ನೋಡಿದರು ಎಂದಿಟ್ಟುಕೊಳ್ಳಿ. ತಾವೇ ಎತ್ತಿ ಎದೆಗೆ ಅವುಚಿಕೊಂಡರು. "ಗಾಡಿ ಬಿಡು, ಬೇಗ ಹತ್ತು!" ಎಂದರು. ನೊರೆ ಅವರ ಸೀರೆಗೆ ಹತ್ತಿತು, ಲಕ್ಷ್ಯವಿಲ್ಲ. "ಚಿನ್ನಾ, ಪುಟ್ಟಾ, ಕಣ್ಣು ಬಿಡೋ ರಾಜ," ಎಂದು ದಾರಿಯುದ್ದಕ್ಕೂ ಕಣ್ಣೀರು ಸುರಿಸಿದರು. ಮುಂದಿನ ಗೇಟಿನವನು ದೂರದಿಂದಲೇ ಕಾರು ಗುರುತಿಸಿ ಎರಡೂ ಬಾಗಿಲು ತೆಗೆದು ನಿಂತಿದ್ದ. ಡ್ರೈವರ್ ಪಕ್ಕದಲ್ಲಿ ಕೂತಿದ್ದ ಗಾಡಿಯಕ್ಕ ಕನ್ನಡಿಯಲ್ಲಿ ಆ ಕಣ್ಣೀರನ್ನೇ ನೋಡುತ್ತಿದ್ದಳು. ಅದು ನಾಟಕವಲ್ಲ. ನಾಟಕವಾಗಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಇಷ್ಟು ಕರುಣೆ ಈ ಹೆಂಗಸಿನ ಒಳಗೆ ಇತ್ತೇ, ಹಾಗಾದರೆ ಬಣ್ಣದವನ ಹೆಂಡತಿಯ ದಿನ ಅದೆಲ್ಲಿ ಹೋಗಿತ್ತು ಎಂದು ಕೇಳಬೇಕೆನಿಸಿತು.

ಆಸ್ಪತ್ರೆಗೂ ಎರಡು ಬಾಗಿಲು. ಓಣಿಯವರದು ಪಕ್ಕದ ಬಾಗಿಲು. ಅಲ್ಲಿ ಸಾಲು ಮೆಟ್ಟಿಲು ಇಳಿದು ಅಂಗಳದಲ್ಲಿ ಕೂತಿರುತ್ತದೆ. ಕಾರು ಗಾಜಿನ ಬಾಗಿಲಿಗೆ ಹೋಗಿ ನಿಂತಿತು. "ನಮ್ಮ ಕಾಲೋನಿ ಮಗು," ಎಂದರು ಅಧ್ಯಕ್ಷೆ. ಅಷ್ಟೇ. ಡಾಕ್ಟರು ಓಡಿ ಬಂದರು, ನರ್ಸುಗಳು ಓಡಿ ಬಂದರು. ಬಾಗಿಲ ಪಕ್ಕದ ಕೋಣೆಯಲ್ಲೇ ಮಲಗಿಸಿ, ಮೂಗಿಗೆ ಗಾಳಿಯ ಕೊಳವೆ ಇಟ್ಟು, ಪುಟ್ಟ ಕೈಯಲ್ಲಿ ನರ ಹುಡುಕತೊಡಗಿದರು.

"ನೀವು ಮಗುವಿಗೆ ಏನಾಗ್ಬೇಕು?" ಎಂದು ನರ್ಸು ಕೇಳಿದಳು.

"ಆಯಾ," ಎಂದಳು ಗಾಡಿಯಕ್ಕ.

ಸೂಜಿ ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. "ಸಿಗುತ್ತೆ, ಸ್ವಲ್ಪ ತಾಳಿ, ಈ ಔಷಧಿ ಒಳಗೆ ಹೋದ್ರೆ ಸಾಕು," ಎಂದು ಡಾಕ್ಟರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆಗ ಹೊರಗೆ ಗಲಾಟೆ ಕೇಳಿಸಿತು.

ಮಗಳು ಬಂದಿದ್ದಳು. ಅಷ್ಟು ಬೇಗ ಹೇಗೆ ಬಂದಳೋ! ರೈಲು ಗೇಟಿನ ಕಂಬಿಯ ಅಡಿಯಲ್ಲಿ ನುಗ್ಗಿ ಬಂದಿದ್ದಳೆಂದು ಆಮೇಲೆ ಗೊತ್ತಾಯಿತು. ಕೂದಲು ಬಿಚ್ಚಿತ್ತು, ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ, ಮೊಣಕಾಲಿನಿಂದ ರಕ್ತ. ಪಕ್ಕದ ಬಾಗಿಲಲ್ಲಿ ಹುಡುಕಿ, ಗಾಜಿನ ಬಾಗಿಲ ಆಚೆ ತಾಯಿಯ ಬಿಳಿ ಕೋಟು ಕಂಡು ನುಗ್ಗಿದ್ದಳು. ಬಾಗಿಲ ಕಾವಲಿನವನು ಅವಳನ್ನು ಅಡ್ಡ ಹಿಡಿದಿದ್ದ.

"ಬಿಡ್ರೀ! ನನ್ನ ಮಗು ಒಳಗಿದೆ! ನನ್ನ ಕಂದ ಒಳಗಿದೆ!"

ಅಧ್ಯಕ್ಷೆ ತಿರುಗಿ ನೋಡಿದರು. ಅವರ ಹುಬ್ಬು ಮೇಲೇರಿತು. "ಯಾರೇ ಅದು? ಈ ಕಡೇನೇ ಕೈ ತೋರಿಸ್ತಿದ್ದಾಳಲ್ಲ. ನಿನಗೆ ಗೊತ್ತಿರೋಳಾ?" ಎಂದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು.

ಗಾಡಿಯಕ್ಕ ಡಾಕ್ಟರ ಕೈ ನೋಡಿದಳು. ಸೂಜಿ ಇನ್ನೂ ಸೇರಿರಲಿಲ್ಲ. ಗೊತ್ತು ಎಂದರೆ ಒಂದು ಪ್ರಶ್ನೆ ಬರುತ್ತದೆ, ಒಂದಾದ ಮೇಲೆ ಇನ್ನೊಂದು, ಯಾರ ಮಗು, ಯಾವ ಮನೆ. ಆ ಪ್ರಶ್ನೆಗಳು ಮುಗಿಯುವವರೆಗೆ ಈ ಕೈಗಳು ನಿಂತರೆ? ನಿಲ್ಲುತ್ತಿದ್ದವೋ ಇಲ್ಲವೋ ದೇವರೇ ಬಲ್ಲ. ಪಣಕ್ಕಿಟ್ಟು ನೋಡಬೇಕಾದದ್ದು ಗುಂಡನ ಜೀವ. ಅವಳು ಅಧ್ಯಕ್ಷೆಯನ್ನು ದಾಟಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ನಡುವೆ ಗಾಜು, ಗಾಜಿನ ಆಚೆ ಮಗಳ ಮುಖ.

"ಯಾರೋ ತಲೆ ಕೆಟ್ಟೋಳು ಅಮ್ಮಾ, ನನಗೆ ಗೊತ್ತಿಲ್ಲ," ಎಂದಳು. ಕಾವಲಿನವನಿಗೆ ಹೇಳಿದಳು: "ಒಳಗೆ ಬಿಡ್ಬೇಡಣ್ಣ. ಇಲ್ಲೆಲ್ಲ ಬರೋ ಹಾಗಿಲ್ಲ ಅಂತ ಹೇಳಿ ಆ ಕಡೆ ಕಳ್ಸು."

ಮಗಳ ಕೂಗು ನಿಂತುಹೋಯಿತು. ಕಾವಲಿನವನು ತೋಳು ಹಿಡಿದು ಮೆಟ್ಟಿಲು ಇಳಿಸಿದಾಗ ಹೇಳಿದ ಹಾಗೆ ಇಳಿದಳು. ಎದುರಿನ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಗಾಜಿನ ಬಾಗಿಲಿಗೆ ಮುಖ ಮಾಡಿ ಕೂತಳು. ಒಳಗೆ ನರ್ಸು, "ಸಿಕ್ತು!" ಎಂದಳು.

ಸಂಜೆಯ ಹೊತ್ತಿಗೆ ಗುಂಡ ಕಣ್ಣು ಬಿಟ್ಟ. ನಿಟ್ಟುಸಿರು ಬಿಟ್ಟ ಅಧ್ಯಕ್ಷೆ ಮಗುವಿನ ಮನೆಯವರಿಗೆ ಸುದ್ದಿ ಕೊಡೋಣವೆಂದು ಊರಿಗೆ ಹೋಗಿದ್ದ ಅಮ್ಮಾವ್ರಿಗೆ ಫೋನು ಹಚ್ಚಿದರು. "ಗಾಬರಿಯಾಗ್ಬೇಡಿ, ನಿಮ್ಮ ತಂಗಿ ಮಗು ಈಗ ಹುಷಾರಾಗಿದೆ," ಎಂದರು. "ನನಗೆ ತಂಗಿಯೇ ಇಲ್ಲವಲ್ಲ!" ಎಂದರು ಅಮ್ಮಾವ್ರು.

ಅಧ್ಯಕ್ಷೆ ಫೋನು ಕೆಳಗಿಟ್ಟರು. ಗುಂಡನ ಹಣೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಆಗ ಗಾಡಿಯಕ್ಕ ತಾನಾಗಿಯೇ ಎಲ್ಲವನ್ನೂ ಹೇಳಿದಳು, ಮೀಸೆಯ ವಿಷಯವೊಂದನ್ನು ಬಿಟ್ಟು.

"ಕೇಳಿದ್ರೆ ನಾನೇ ಬಿಡ್ತಿರ್ಲಿಲ್ವಾ? ಸುಳ್ಳು ಯಾಕೆ ಹೇಳ್ಬೇಕಿತ್ತು?" ಎಂದರು ಅಧ್ಯಕ್ಷೆ. ಅವರ ದನಿಯಲ್ಲಿ ನೋವಿತ್ತು. ನಿಜವಾಗಿಯೂ ನೋವಿತ್ತು.

ಮಧ್ಯಾಹ್ನದಿಂದ ಕಟ್ಟಿ ಹಿಡಿದದ್ದೆಲ್ಲ ಗಾಡಿಯಕ್ಕನ ಬಾಯಿಗೆ ಬಂತು. "ಕೇಳೋದಕ್ಕೆ ನಾನು ಯಾವ ಗೇಟಿಂದ ಬರ್ಬೇಕಿತ್ತಮ್ಮಾ?"

ಬಡವನ ಕೋಪ ದವಡೆಗೆ ಮೂಲ. ಆ ಒಂದು ಮಾತು ಕೊಬ್ಬು ಎನಿಸಿಕೊಂಡಿತು, ಸುಳ್ಳಿಗಿಂತ ದೊಡ್ಡ ಅಪರಾಧವಾಯಿತು. ಡಾಕ್ಟರನ್ನು ಬೈಯುವಂತಿಲ್ಲ; ಮಗುವಿಗೆ ಹಚ್ಚಿದ ಕೊಳವೆ, ಸೂಜಿಗಳನ್ನು ಅವರು ಕೀಳಲಿಲ್ಲ, ಹಚ್ಚಿದ ಹಾಗೆಯೇ ಪಕ್ಕದ ಬಾಗಿಲಿನ ವಾರ್ಡಿಗೆ ಸಾಗಿಸಿದರು. ಅಲ್ಲಿ ಮಗಳನ್ನು ಯಾರೂ ತಡೆಯಲಿಲ್ಲ. ಬಂದವಳು ತಾಯಿಯ ಮುಖ ನೋಡದೆ ಮಗುವಿನ ಪಕ್ಕ ಮಲಗಿದಳು.

ಗಾಡಿಯಕ್ಕನ ಕೆಲಸ ಹೋಯಿತು. ಅವಳು ಬಾಯಿ ಬಿಡದಿದ್ದರೂ ಕ್ಯಾಮೆರಾ ಬಿಟ್ಟಿತು: ಮೀಸೆ ಬಗ್ಗಿ ನೋಡಿ, ಮಾತಾಡಿ, ಆಮೇಲೆ ಕಂಬಿ ಎತ್ತಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತಂತೆ. ಅವನ ಕೆಲಸವೂ ಹೋಯಿತು. ಆಮೇಲೆ ಕಾಲೋನಿಯ ಮಕ್ಕಳಿಗೂ ಕಾರ್ಡು ಬಂತು, ಹಾಲು ಕುಡಿಯುವ ಕೂಸಿನ ಕೊರಳಿಗೂ ಫೋಟೋ ಕಟ್ಟಿದರು. ರಸ್ತೆಯಲ್ಲಿ ಬಿಟ್ಟ ಗಾಡಿಯನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಹೆಸರು ಮಾತ್ರ ಓಣಿಯಲ್ಲಿ ಗಾಡಿಯಕ್ಕ ಎಂದೇ ಉಳಿಯಿತು.

ಮಗಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಾ, ನೀರು ಬಂತು, ಬಾಗಿಲು ಹಾಕು: ಇಷ್ಟೇ ಮಾತು. ಒಂದೇ ಕೋಣೆಯ ಮನೆಯಲ್ಲಿ ಅಷ್ಟು ದೂರ ಇರಲು ಸಾಧ್ಯವೆಂದು ಗಾಡಿಯಕ್ಕನಿಗೆ ಗೊತ್ತಿರಲಿಲ್ಲ. ಮಗಳ ಜೊತೆ ಗೋದಾಮಿಗೆ ಪೆಟ್ಟಿಗೆ ಕಟ್ಟಲು ಹೋಗತೊಡಗಿದಳು. ಅಲ್ಲೂ ಇಬ್ಬರೂ ಅಕ್ಕಪಕ್ಕ ಕೂತು ತಲೆ ಬಗ್ಗಿಸಿ ಹಗ್ಗ ಬಿಗಿಯುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಗುಂಡನನ್ನು ತೋರಿಸಲು ಇಬ್ಬರೂ ಆಸ್ಪತ್ರೆಗೆ ಹೊರಟರು. ಗೋಡೆಗುಂಟ ನಡೆದು, ಮೋರಿ ದಾಟಿ, ರೈಲು ಗೇಟಿಗೆ ಬಂದಾಗ ಕಂಬಿ ಇಳಿದಿತ್ತು. ಮಗಳ ಕಂಕುಳಲ್ಲಿದ್ದ ಗುಂಡ ಅಜ್ಜಿಯ ಕಡೆ ಕೈ ಚಾಚಿದ. ಮಗಳು ಕೊಡಲಿಲ್ಲ, ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

ಗಾಡಿಯಕ್ಕ ತಡೆಯಲಾರದೆ ಕೇಳಿದಳು. "ನಾನು ಮಾಡಿದ್ದು ತಪ್ಪಾದ್ರೆ ತಪ್ಪು ಅನ್ನೇ. ಉಗಿ ಮುಖಕ್ಕೆ. ಹೀಗೆ ಕೊಲ್ಬೇಡ."

"ತಪ್ಪು ಅಂತ ಯಾರು ಅಂದ್ರು?" ಎಂದಳು ಮಗಳು. "ಮಗು ಉಳೀತು. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ಬೇಕಿತ್ತು. ಆದ್ರೆ ಅಮ್ಮಾ, ನಿನ್ನ ದನಿ ಒಂಚೂರಾದ್ರೂ ನಡುಗ್ಬಾರ್ದಿತ್ತಾ? ದಿನಾ ಅದನ್ನೇ ಹೇಳೋಳ ಹಾಗೆ ಹೇಳ್ಬಿಟ್ಯಲ್ಲ!"

ಗಾಡಿಯಕ್ಕ ಕಂಬಿಯನ್ನೇ ನೋಡುತ್ತ ನಿಂತಳು. "ನಾನು ಯಾವತ್ತೂ ಹೇಳಿದ್ದಲ್ಲ ಮಗಳೇ," ಎಂದಳು. "ದಿನಾ ಹೇಳಿಸ್ಕೊಂಡಿದ್ದು."

ರೈಲಿನ ಸದ್ದು ಇನ್ನೂ ಕೇಳಿಸುತ್ತಿರಲಿಲ್ಲ, ಇಬ್ಬರೂ ಕಂಬಿಯ ಈಚೆ ಕಾಯುತ್ತ ನಿಂತೇ ಇದ್ದರು.